ಹೊಡೆಯದ ಮಾರ್ಟಿನಿ: ಒಂದು ಹಳೇ ಪಾಯಿಂಟ್ 22 ಕೋವಿಯ ಕಥೆ

ಮಳೆ ಬಿಡ್ತಾ ಇಲ್ಲ, ತೋಟಕ್ಕೆ ಇಳಿಯೋ ಹಾಗಿಲ್ಲ. ಕೊಳೆರೋಗದ ಬಗ್ಗೆ ಹೋದ ವಾರವೇ ಬರ್ದಿದ್ದೆ, ಅದನ್ನೇ ಮತ್ತೆ ಬರೆಯೋದು ಬೇಡ ಅಂತ ಈ ಸಲ ಬೇರೆ ವಿಷ್ಯ. ಉದ್ದ ಆಗ್ತದೆ, ಪುರುಸೊತ್ತು ಇದ್ದವ್ರು ಮಾತ್ರ ಓದಿ.

ಕೈಲ್ ಮುಹೂರ್ತ ಹತ್ರ ಬಂತಲ್ಲ, ಕೊಡಗಲ್ಲಿ ಎಲ್ರ ಮನೆಯಲ್ಲೂ ಕೋವಿ ಇಳಿಸಿ ಒರೆಸೋ ಕಾಲ. ನಮ್ಮ ಮೇಲಿನ ಮನೆ ದೊಡ್ಡಪ್ಪನ ಹತ್ರ ಒಂದು ಹಳೇ ಪಾಯಿಂಟ್ 22 ಉಂಟು. ಬಿಎಸ್‌ಎ ಕಂಪನಿಯದ್ದು, ಒಂದು ಸಲಕ್ಕೆ ಒಂದೇ ತೋಟೆ ಹಾಕೋದು, ಬೋಲ್ಟ್ ಇಲ್ಲ, ಟ್ರಿಗರ್ ಹಿಂದೆ ಒಂದು ಲಿವರು. ಇಲ್ಲಿದ್ದ ಒಬ್ಬ ತೋಟದ ದೊರೆ ಊರಿಗೆ ಹೋಗುವಾಗ ದೊಡ್ಡಪ್ಪನ ಅಪ್ಪನಿಗೆ ಬಿಟ್ಟು ಹೋದದ್ದಂತೆ. ಕಾಗದ ಪತ್ರ ಎಲ್ಲಾ ಸರಿ ಉಂಟು. ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯಲ್ಲಿ ದೊಡ್ಡಪ್ಪ ಇದ್ರಲ್ಲೇ ಎಷ್ಟೋ ಸಲ ಕಾಯಿ ಒಡೆದವ್ರು. ಹೋದ ವರ್ಷ ಸ್ಪರ್ಧೆಯಲ್ಲಿ ಕೈ ಕೊಟ್ಟಿತು. ಹತ್ತು ತೋಟೆ ಹಾಕಿದ್ರೆ ಮೂರು 'ಟಿಕ್' ಅಂತ ಸದ್ದು ಮಾಡಿ ಸುಮ್ಮನಾಗೋದು. ಹೊಡೆದದ್ದರಲ್ಲೂ ಖಾಲಿ ಕವಚ ಹೊರಗೆ ಬರ್ತಾ ಇರ್ಲಿಲ್ಲ, ಚಾಕು ತುದಿ ಹಾಕಿ ಎಬ್ಬಿಸ್ಬೇಕು. ದೊಡ್ಡಪ್ಪ ಅವತ್ತು ಏನೂ ಮಾತಾಡ್ಲಿಲ್ಲ. ಈ ವರ್ಷ ಮಗನ ಹತ್ರ, "ಅದಕ್ಕೂ ನನಗೂ ಆಯ್ತು ಮಾರಾಯ, ಕೊಟ್ಟುಬಿಡು ಯಾರಿಗಾದ್ರೂ" ಅಂದಿದ್ದಾರೆ. ಮಗ, ಅಂದ್ರೆ ನನ್ನ ತಮ್ಮ, ಕೊಡೋ ಮೊದಲು ಸ್ಪ್ರಿಂಗು ಗಟ್ಟಿದು ಹಾಕಿ ನೋಡುವ, ಅದೂ ಆಗ್ದಿದ್ರೆ ಸೂಜಿಯ ತುದಿ ಸ್ವಲ್ಪ ರಾವುವ ಅಂತ ನನ್ನ ಹತ್ರ ಬಂದ. ನನಗೆ ಈ ಹಳೇ ಕೋವಿಗಳ ವಿಷ್ಯ ಓದೋ ಹುಚ್ಚು ಮೊದಲಿಂದ ಉಂಟು, ಅವನಿಗೆ ಗೊತ್ತು. ಅರ ಮುಟ್ಟಬೇಡ, ಮೊದಲು ಕೂತು ನೋಡುವ ಅಂದೆ.

ಆ ಕೋವಿ ಯಾಕೆ ಹೊಡೀತಿಲ್ಲ ಅಂತ ತಿಳೀಬೇಕಾದ್ರೆ ಅದು ಹೇಗೆ ಹುಟ್ಟಿತು ಅಂತ ತಿಳೀಬೇಕು. ಅದರ ಹೊಟ್ಟೆ ಒಳಗೆ ಇರೋ ಒಂದೊಂದು ತುಂಡೂ ಒಂದೊಂದು ಕಾಲದ್ದು.

ಮೊದಲು ತೋಟೆಯ ವಿಷ್ಯ. 1845ರಲ್ಲಿ ಪ್ಯಾರಿಸ್‌ನ ಫ್ಲೋಬೆರ್ ಅನ್ನೋ ಕೋವಿ ಕೆಲಸದವನು ಒಂದು ಕೇಪಿನ ಬಾಯಿಗೆ ಸಣ್ಣ ಗುಂಡು ಸಿಕ್ಕಿಸಿ, ಮನೆ ಒಳಗೆ ಗುರಿ ಆಟಕ್ಕೆ ಅಂತ ಮಾಡಿದ. ನಮ್ಮ ಕೇಪಿನ ಕೋವಿ ಉಂಟಲ್ಲ, ಅದೇ ಕೇಪು ಅಂದ್ಕೊಳ್ಳಿ. ಅದನ್ನು ಬೆಳೆಸಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್‌ನವರು 1857ರಲ್ಲಿ ಮದ್ದು ತುಂಬಿದ ಪಾಯಿಂಟ್ 22 ಶಾರ್ಟ್ ತಂದ್ರು. ಈಗ ನಾವು ಉಪಯೋಗಿಸೋ ಲಾಂಗ್ ರೈಫಲ್ ತೋಟೆ 1887ರಲ್ಲಿ ಸ್ಟೀವನ್ಸ್ ಕಂಪನಿಯದ್ದು. ಈ ತೋಟೆಗಳಲ್ಲಿ ಕಿಡಿ ಹುಟ್ಟಿಸೋ ಮದ್ದು ಹಿಂಭಾಗದ ನಡುವಲ್ಲಿ ಇರೋದಿಲ್ಲ, ಸುತ್ತಲಿನ ಅಂಚಿನ ಒಳಗೆ ಇರ್ತದೆ. ಸೂಜಿ ಬಂದು ಆ ಅಂಚನ್ನು ನಳಿಗೆಯ ಹಿಂಬದಿ ಅಂಚಿಗೆ ಒತ್ತಿ ಹಿಂಡ್ಬೇಕು. ಸುತ್ತಿಗೆ ಮತ್ತು ಅಡಿಗಲ್ಲಿನ ನಡುವೆ ಇಟ್ಟು ಕುಟ್ಟಿದ ಹಾಗೆ. ಸುತ್ತಿಗೆ ಎಷ್ಟು ಮುಖ್ಯವೋ ಅಡಿಗಲ್ಲೂ ಅಷ್ಟೇ ಮುಖ್ಯ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗ್ತದೆ.

ಇನ್ನು ಲಿವರಿನ ವಿಷ್ಯ. ಅದು ಬೋಸ್ಟನ್‌ನ ಪೀಬಾಡಿ ಅನ್ನೋನು 1862ರಲ್ಲಿ ಪೇಟೆಂಟ್ ಮಾಡಿದ್ದು. ನಳಿಗೆಯ ಹಿಂದೆ ಒಂದು ದಪ್ಪ ಉಕ್ಕಿನ ಬ್ಲಾಕು, ಅದರ ಹಿಂದಿನ ತುದಿ ಕೀಲಿನ ಮೇಲೆ ನಿಂತಿರ್ತದೆ. ಲಿವರು ಕೆಳಗೆ ಎಳೆದ್ರೆ ಮುಂದಿನ ತುದಿ ಕೆಳಗೆ ಬಾಗಿ ನಳಿಗೆಯ ಬಾಯಿ ತೆರೆಯುತ್ತದೆ. ಆದ್ರೆ ಪೀಬಾಡಿಯದ್ದಕ್ಕೆ ಹೊರಗೆ ಸುತ್ತಿಗೆ ಇತ್ತು, ಪ್ರತಿ ಸಲ ಹೆಬ್ಬೆರಳಲ್ಲಿ ಬೇರೆ ಎಳೆದು ನಿಲ್ಲಿಸ್ಬೇಕಿತ್ತು. ಸ್ವಿಟ್ಜರ್‌ಲ್ಯಾಂಡಿನ ಫ್ರೌಯೆನ್‌ಫೆಲ್ಡ್ ಊರಲ್ಲಿ ಫ್ರೀಡ್ರಿಕ್ ಫಾನ್ ಮಾರ್ಟಿನಿ ಅನ್ನೋ ಇಂಜಿನಿಯರ್ ಇದ್ದ. ಮಿಷನ್ ಕಾರ್ಖಾನೆಯ ಯಜಮಾನ. ಅವನ ಕಂಪನಿಯ ಹೆಸರು ಪುಸ್ತಕ ಬೈಂಡಿಂಗ್ ಮಿಷನ್‌ಗಳಲ್ಲಿ ಈಗಲೂ ಉಂಟು, ಆಮೇಲೆ ಕಾರೂ ಮಾಡಿದ್ರು. ಅವನು ಹೊರಗಿನ ಸುತ್ತಿಗೆ ತೆಗೆದ. ಸೂಜಿಯನ್ನೂ ಅದಕ್ಕೆ ಸುತ್ತಿದ ಸ್ಪ್ರಿಂಗನ್ನೂ ಬ್ಲಾಕಿನ ಹೊಟ್ಟೆ ಒಳಗೇ ಇಟ್ಟ. ಲಿವರು ಒಂದು ಸಲ ಎಳೆದು ಮುಚ್ಚಿದ್ರೆ ಬಾಯಿ ತೆರೆಯೋದು, ಖಾಲಿ ಕವಚ ಎಬ್ಬಿಸೋದು, ಸ್ಪ್ರಿಂಗು ಒತ್ತಿ ನಿಲ್ಲಿಸೋದು, ಮೂರೂ ಕೆಲಸ ಆಗ್ತದೆ. ಕಡಿಮೆ ತುಂಡು, ಗಟ್ಟಿ ತುಂಡು.

ಬ್ರಿಟಿಷ್ ಸೈನ್ಯ ಇದಕ್ಕೆ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯ ನಳಿಗೆ ಕೂಡಿಸಿ 1871ರಲ್ಲಿ ಮಾರ್ಟಿನಿ-ಹೆನ್ರಿ ಅಂತ ತಗೊಂಡಿತು. 1879ರ ಜುಲು ಯುದ್ಧದಲ್ಲಿ ಹೊಡೆದದ್ದು ಇದೇ. ಖೈಬರ್ ಕಡೆ ಕಮ್ಮಾರರು ಕೈಯಲ್ಲೇ ಇದರ ನಕಲು ಮಾಡ್ತಿದ್ರು, ಮುದ್ರೆ ಕೂಡ ನಕಲು! ಅಷ್ಟು ಸರಳ ಅದು.

ಆದ್ರೆ ನಮ್ಮ ದೊಡ್ಡಪ್ಪನ ಕೋವಿಯ ಎರಡನೇ ತೊಂದರೆ, ಅಂದ್ರೆ ಕವಚ ಹೊರಗೆ ಬರದೇ ಇರೋದು, ಅದು ಮಾರ್ಟಿನಿಯ ಹುಟ್ಟುರೋಗ. 1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲಿಯಾ ಅನ್ನೋ ಜಾಗದಲ್ಲಿ ಬ್ರಿಟಿಷ್ ಸಿಪಾಯಿಗಳು ಮರುಭೂಮಿಯಲ್ಲಿ ಚೌಕ ಕಟ್ಟಿ ನಿಂತಿದ್ರು. ಆಗಿನ ತೋಟೆಯ ಕವಚ ಈಗಿನ ಹಾಗೆ ಒಂದೇ ತುಂಡಿನ ಹಿತ್ತಾಳೆ ಅಲ್ಲ. ತೆಳು ಹಿತ್ತಾಳೆ ತಗಡನ್ನು ಬೀಡಿ ಸುತ್ತಿದ ಹಾಗೆ ಸುತ್ತಿ, ಬುಡಕ್ಕೆ ಕಬ್ಬಿಣದ ಬಿಲ್ಲೆ ಕೂರಿಸಿದ್ದು. ನಳಿಗೆ ಕಾಯ್ತು, ಮರಳು ಸೇರ್ತು, ತಗಡು ಒಳಗೇ ಹಿಗ್ಗಿ ಅಂಟ್ಕೊಂಡಿತು. ಲಿವರು ಎಳೆದ್ರೆ ಬುಡದ ಬಿಲ್ಲೆ ಮಾತ್ರ ಕಿತ್ತು ಬಂತು, ತಗಡು ಒಳಗೇ ಉಳೀತು. ಎದುರಿನವರು ಚೌಕದ ಒಳಗೇ ನುಗ್ಗಿದ್ರು. ಕೈಯಲ್ಲಿ ಇದ್ದದ್ದು ಕೋವಿ ಅಲ್ಲ, ಬರೀ ದೊಣ್ಣೆ ಆಯ್ತು ಎಷ್ಟೋ ಜನರಿಗೆ. ಅದ್ರ ನಂತರ ಎಳೆದು ಮಾಡಿದ ಗಟ್ಟಿ ಹಿತ್ತಾಳೆ ಕವಚ ಬಂತು, ಮುಂದಿನ ಮಾದರಿಗೆ ಲಿವರನ್ನೂ ಉದ್ದ ಮಾಡಿದ್ರು. ಯಾಕೆ ಉದ್ದ? ಹಾರೆ ಉದ್ದ ಇದ್ದಷ್ಟು ಕಲ್ಲು ಸುಲಭ ಏಳ್ತದೆ, ನಮಗೆ ಹೇಳಿಕೊಡ್ಬೇಕಾ.

ಯಾಕೆ ಹೀಗಾಗ್ತದೆ ಅಂದ್ರೆ, ಬೋಲ್ಟ್ ಇರೋ ಕೋವಿಯಲ್ಲಿ ಕೊಕ್ಕೆ ಕವಚವನ್ನು ಹಿಡ್ಕೊಂಡು ಬೋಲ್ಟ್ ಜೊತೆಗೇ ಉದ್ದಕ್ಕೂ ಎಳೀತದೆ. ಬೋಲ್ಟು ಮೇಲೆತ್ತುವಾಗ ಮೊದಲು ನಿಧಾನಕ್ಕೆ ಸಡಿಲ ಮಾಡ್ತದೆ, ಆಮೇಲೆ ಎಳೀತದೆ. ಮಾರ್ಟಿನಿಯಲ್ಲಿ ಹಾಗಿಲ್ಲ. ಬ್ಲಾಕು ಕೆಳಗೆ ಬೀಳುವಾಗ ಒಂದು ಸಣ್ಣ ಎಲ್-ಆಕಾರದ ತುಂಡಿನ ಕಾಲಿಗೆ ಬಡೀತದೆ, ಆ ತುಂಡಿನ ತಲೆ ಕವಚದ ಅಂಚಿಗೆ ಒಂದು ಒದೆ ಕೊಡ್ತದೆ. ಅಷ್ಟೇ. ಒಂದೇ ಒದೆ. ಆ ಒದೆಗೆ ಬಂದ್ರೆ ಬಂತು. ಅದಕ್ಕೇ ಮಾರ್ಟಿನಿಯಲ್ಲಿ ಲಿವರು ಮೆಲ್ಲಗೆ ಎಳೀಬಾರ್ದು, ಒಂದೇ ಸಲಕ್ಕೆ ಜೋರಾಗಿ ಇಳಿಸ್ಬೇಕು. ನಮ್ಮ ತಮ್ಮ ಹಳೇ ಕೋವಿ ಅಂತ ಮಗು ಎತ್ತಿದ ಹಾಗೆ ಮೆಲ್ಲಗೆ ಎಳೀತಿದ್ದ. ಅರ್ಧ ತೊಂದರೆ ಅಲ್ಲೇ ಇತ್ತು.

1888ರಿಂದ ಸೈನ್ಯಕ್ಕೆ ಲೀ-ಮೆಟ್‌ಫೋರ್ಡ್ ಬಂತು, ಬೋಲ್ಟು, ಮ್ಯಾಗಜಿನ್ ಎಲ್ಲಾ ಇದ್ದದ್ದು. ಮಾರ್ಟಿನಿಗೆ ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. 1899ರಿಂದ 1902ರ ತನಕ ಬೋಯರ್ ಯುದ್ಧ ಆಯ್ತು. ದಕ್ಷಿಣ ಆಫ್ರಿಕದ ರೈತರು, ನಮ್ಮ ಹಾಗೇ ಹೊಲ ಮಾಡೋವ್ರು, ದೂರದಿಂದ ಒಬ್ಬೊಬ್ಬರನ್ನೇ ಗುರಿ ಇಟ್ಟು ಹೊಡೆದು ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಬೆವರಿಳಿಸಿದ್ರು. ಇಂಗ್ಲೆಂಡಲ್ಲಿ ಗಾಬರಿ ಆಯ್ತು, ನಮ್ಮ ಪೇಟೆ ಹುಡುಗರಿಗೆ ಕೋವಿ ಹಿಡಿಯೋಕೇ ಬರೋದಿಲ್ವಲ್ಲ ಅಂತ. ಲಾರ್ಡ್ ರಾಬರ್ಟ್ಸ್ ಅನ್ನೋ ದೊಡ್ಡ ಸೇನಾಪತಿ ಇದಕ್ಕೆ ಬೆನ್ನು ಕೊಟ್ಟ. 1901ರಲ್ಲಿ ಸಣ್ಣ ಕೋವಿ ಕ್ಲಬ್ಬುಗಳ ಒಂದು ಸಂಘ ಆಯ್ತು, ಅದೇ 1947ರಲ್ಲಿ ಹೆಸರು ಬದಲಾಗಿ ರಾಷ್ಟ್ರೀಯ ಸ್ಮಾಲ್‌ಬೋರ್ ಸಂಘ ಆಯ್ತು. ಕಾರ್ಖಾನೆ ಕೆಲಸದವ್ರು, ಗುಮಾಸ್ತರು ಸಂಜೆ ಹೊತ್ತು 25 ಗಜ ದೂರಕ್ಕೆ ಪಾಯಿಂಟ್ 22ರಲ್ಲಿ ಹೊಡೆಯೋದು ಕಲಿತ್ರು. ದೊಡ್ಡ ತೋಟೆಗೆ ದುಡ್ಡೂ ಜಾಸ್ತಿ, ಜಾಗವೂ ಬೇಕು. ಇದಕ್ಕೆ ಎರಡೂ ಬೇಡ. 1908ರ ಲಂಡನ್ ಒಲಿಂಪಿಕ್ಸಲ್ಲಿ ಸ್ಮಾಲ್‌ಬೋರಿನ ನಾಲ್ಕೂ ಚಿನ್ನ ಬ್ರಿಟನ್ನಿಗೇ ಹೋಯ್ತು.

ಈ ಜನಕ್ಕೆ ಕೋವಿ ಬೇಕಲ್ಲ. ಮೊದಲು ಸೈನ್ಯ ಬಿಟ್ಟ ದೊಡ್ಡ ಮಾರ್ಟಿನಿಗಳನ್ನೇ ಪಾಯಿಂಟ್ 22ಕ್ಕೆ ಬದಲಾಯಿಸಿದ್ರು. ಇಲ್ಲಿ ಒಂದು ಎಚ್ಚರಿಕೆ ಹೇಳ್ಬೇಕು. ದೊಡ್ಡ ಮಾರ್ಟಿನಿಯ ಸೂಜಿ ತೋಟೆಯ ನಡುವಿಗೆ ಬಡೀತದೆ, ಪಾಯಿಂಟ್ 22ಕ್ಕೆ ಅಂಚಿಗೆ ಬಡೀಬೇಕು. ಹಾಗಾಗಿ ಸೂಜಿಯ ಜಾಗ ಬದಲಾಯಿಸ್ಬೇಕು, ಇಲ್ಲಾ ನಳಿಗೆಯನ್ನೇ ಸ್ವಲ್ಪ ಸರಿಸಿ ಕೂರಿಸ್ಬೇಕು. ಹೀಗೆ ಬದಲಾಯಿಸಿದ ಕೋವಿ ನಿಮ್ಮ ಮನೆಯಲ್ಲಿದ್ದು ಸರಿ ಹೊಡೀತಿಲ್ಲ ಅಂದ್ರೆ ಮೊದಲು ಅದನ್ನೇ ನೋಡ್ಬೇಕು. ಖಾಲಿ ಕವಚದ ಮೇಲೆ ಸೂಜಿಯ ಗುರುತು ಅಂಚಿನಲ್ಲಿ ಉಂಟಾ, ಒಳಗೆ ಸರಿದಿದೆಯಾ ಅಂತ.

ದೊಡ್ಡಪ್ಪನದ್ದು ಹಾಗೆ ಬದಲಾಯಿಸಿದ್ದಲ್ಲ, ಹುಟ್ಟಿದ್ದೇ ಪಾಯಿಂಟ್ 22. ಬಿಎಸ್‌ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬರ್ಮಿಂಗ್‌ಹ್ಯಾಮಿನ ಕೋವಿ ಕೆಲಸದವ್ರು ಸೇರಿ ಕಟ್ಟಿದ ಕಂಪನಿ. ಆಮೇಲೆ ಸೈಕಲ್, ಮೋಟಾರ್ ಸೈಕಲ್ ಎಲ್ಲಾ ಮಾಡಿದ್ರು. ಮೂರು ಕೋವಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮುದ್ರೆ ನೋಡಿದವ್ರು ನಮ್ಮಲ್ಲಿ ಹಳಬರು ಇರ್ಬಹುದು. ಒಂದು ತಮಾಷೆ ನೋಡಿ, 1857ರ ದಂಗೆ ಆದ ಮೇಲೆ ದೇಶದ ಜನರ ಆಯುಧ ಕಿತ್ತುಕೊಳ್ಳೋ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟದ್ದೂ 1861ರಲ್ಲೇ. ಬರ್ಮಿಂಗ್‌ಹ್ಯಾಮಲ್ಲಿ ಕಂಪನಿ ಹುಟ್ಟಿದ ವರ್ಷವೇ ಇಲ್ಲಿ ಗೋಡೆ ಮೇಲೆ ಕೋವಿ ಉಳೀಬಹುದು ಅಂತ ಆದದ್ದು. ಎರಡಕ್ಕೂ ಸಂಬಂಧ ಏನೂ ಇಲ್ಲ, ನನಗೆ ಓದುವಾಗ ಕಣ್ಣಿಗೆ ಬಿತ್ತು ಅಷ್ಟೆ.

1910ರ ಆಸುಪಾಸಲ್ಲಿ ಬಿಎಸ್‌ಎಯವ್ರು ಆಸ್ಟ್ರೇಲಿಯಾದ ಶಾಲಾ ಹುಡುಗರ ಕವಾಯತಿಗೆ ಪಾಯಿಂಟ್ 310 ಅಳತೆಯ ಸಣ್ಣ ಮಾರ್ಟಿನಿ ಮಾಡಿ ಕಳಿಸ್ತಿದ್ರು. ಅದೇ ಸಣ್ಣ ದೇಹಕ್ಕೆ ಪಾಯಿಂಟ್ 22 ನಳಿಗೆ ಹಾಕಿ ಗುರಿ ಕೋವಿಗಳ ಸಾಲೇ ತಂದ್ರು. 12, 15 ಅಂತ ನಂಬರಿನ ಮಾದರಿಗಳು, ಆಮೇಲೆ 1950ರಲ್ಲಿ ಇಂಟರ್‌ನ್ಯಾಷನಲ್. ನಡುವೆ 1940ರ ನವೆಂಬರ್ 19ರ ರಾತ್ರಿ ಜರ್ಮನ್ ಬಾಂಬು ಬಿದ್ದು ಅವರ ಸ್ಮಾಲ್ ಹೀತ್ ಕಾರ್ಖಾನೆಯಲ್ಲಿ 53 ಜನ ಕೆಲಸಗಾರರು ಸತ್ರು. ರಾತ್ರಿ ಪಾಳಿಯವ್ರು. ಆ ಸಾಲು ಓದಿದ ಮೇಲೆ ಈ ಕೋವಿಗಳನ್ನು ಕೈಯಲ್ಲಿ ಹಿಡಿಯುವಾಗ ಸ್ವಲ್ಪ ಬೇರೆ ಥರ ಅನಿಸ್ತದೆ.

ಈ ಸಣ್ಣ ಮಾರ್ಟಿನಿಯ ಒಳ್ಳೇ ಗುಣ, ಇದು ಬೆಲ್ಜಿಯಮ್ಮಿನ ಫ್ರಾಂಕೋಟ್ ಅನ್ನೋನ ಉಪಾಯ, ಒಂದು ಪಿನ್ನು ತೆಗೆದ್ರೆ ಬ್ಲಾಕು, ಟ್ರಿಗರ್, ಲಿವರು ಎಲ್ಲಾ ಒಂದೇ ಮುದ್ದೆಯಾಗಿ ಕೆಳಗಿಂದ ಹೊರಗೆ ಬರ್ತದೆ. ಯುದ್ಧದ ದೊಡ್ಡ ಮಾರ್ಟಿನಿಯಲ್ಲಿ ಹಾಗಿರ್ಲಿಲ್ಲ.

ಸರಿ, ನಮ್ಮ ಕೆಲಸಕ್ಕೆ ಬರುವ. ನಾವು ಮೊದಲು ಕೋವಿ ಬಿಚ್ಚಲೇ ಇಲ್ಲ. ಹೋದ ವರ್ಷದ ಖಾಲಿ ಕವಚ, ಹೊಡೆಯದೇ ಉಳಿದ ತೋಟೆ ಎರಡನ್ನೂ ದೊಡ್ಡಪ್ಪ ಡಬ್ಬಿಯಲ್ಲಿ ಇಟ್ಟಿದ್ರು. ಅವ್ರಿಗೆ ಏನೂ ಬಿಸಾಡೋ ಅಭ್ಯಾಸ ಇಲ್ಲ, ಈ ಸಲ ಅದು ಉಪಕಾರ ಆಯ್ತು. ಭೂತಗನ್ನಡಿ ಇಟ್ಟು ನೋಡಿದ್ವಿ. ಹೊಡೆದವುಗಳಲ್ಲಿ ಸೂಜಿಯ ಗುರುತು ಆಳವಾಗಿ ಉಂಟು. ಹೊಡೆಯದವುಗಳಲ್ಲಿ ಗುರುತು ಅದೇ ಜಾಗದಲ್ಲಿ, ಆದ್ರೆ ತೆಳು. ಅಂದ್ರೆ ಸೂಜಿ ತಪ್ಪಿದ್ದಲ್ಲ, ಪೆಟ್ಟು ಸಾಲ್ತಾ ಇಲ್ಲ. ತಮ್ಮ "ನೋಡಿದ್ಯಾ ಅಣ್ಣ, ಸ್ಪ್ರಿಂಗೇ" ಅಂದ.

ನನಗೂ ಹಾಗೇ ಅನಿಸ್ತು. ಆದ್ರೆ ಸ್ಪ್ರಿಂಗು ಸೋತ್ರೆ ಎಲ್ಲಾ ತೋಟೆಗೂ ಸ್ವಲ್ಪ ಕಡಿಮೆ ಪೆಟ್ಟು ಬೀಳ್ಬೇಕು, ಏಳಕ್ಕೆ ಒಳ್ಳೇ ಪೆಟ್ಟು, ಮೂರಕ್ಕೆ ಇಲ್ಲ ಅಂದ್ರೆ ಲೆಕ್ಕ ಸರಿ ಬರೋದಿಲ್ಲ. ಕೋವಿ ಖಾಲಿ ಉಂಟು ಅಂತ ಎರಡು ಸಲ ನೋಡಿ ದೊಡ್ಡಪ್ಪನೇ ಪಿನ್ನು ತೆಗೆದ್ರು. ಒಳಗೆ ನೋಡಿದ್ರೆ ಎಣ್ಣೆ ಎಲ್ಲಾ ಬೆಲ್ಲದ ಪಾಕದ ಹಾಗೆ ಆಗಿತ್ತು. ವರ್ಷ ವರ್ಷ ಹೊರಗಿಂದ ತೆಂಗಿನೆಣ್ಣೆ ಬಿಟ್ಟದ್ದಂತೆ! ತೆಂಗಿನೆಣ್ಣೆ ನಮ್ಮ ಚಳಿಗೆ ಗಟ್ಟಿ ಆಗ್ತದೆ, ಕಾಲ ಹೋದ ಹಾಗೆ ಅಂಟಾಗ್ತದೆ. ದಯವಿಟ್ಟು ಯಾರೂ ಹಾಕ್ಬೇಡಿ. ಸೂಜಿ ಆ ಅಂಟಲ್ಲಿ ಓಡ್ಬೇಕು. ಅದು ಅಂಟಲ್ಲಿ ಸಿಕ್ಕಿ ತುದಿ ಹೊರಗೇ ಉಳಿದ್ರೆ ಇನ್ನೂ ಅಪಾಯ, ಬ್ಲಾಕು ಮೇಲೆ ಬರುವಾಗ ತೋಟೆಯ ಅಂಚಿಗೆ ಉಜ್ಜಬಹುದು. ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಸಿ, ಬ್ರಷ್ಷಲ್ಲಿ ಉಜ್ಜಿ, ಒಣಗಿಸಿ, ತೆಳು ಮಿಷನ್ ಎಣ್ಣೆ ಎರಡು ಹನಿ ಹಾಕಿದ್ವಿ. ಹೆಚ್ಚು ಹಾಕ್ಲಿಲ್ಲ.

ಬರೆಗೆ ಒಯ್ದು ಹೊಡೆದು ನೋಡಿದ್ವಿ. ಹತ್ತರಲ್ಲಿ ಒಂದು ಹೊಡೀಲಿಲ್ಲ. ಹೊಡೀದಿದ್ರೆ ತಕ್ಷಣ ತೆರೀಬಾರ್ದು, ಕೆಲವು ಸಲ ಮದ್ದು ತಡವಾಗಿ ಹತ್ತಿಕೊಳ್ತದೆ. ಬಾಯಿ ಬರೆಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯ್ಬೇಕು. ತೊಂದರೆ ಕಡಿಮೆ ಆಯ್ತು, ಹೋಗ್ಲಿಲ್ಲ. ಕವಚ ಅಂಟೋದಂತೂ ಹಾಗೇ ಇತ್ತು, ಲಿವರು ಜೋರಾಗಿ ಎಳೆದ್ರೂ.

ಅಂಟೋದಕ್ಕೆ ಒಂದು ಕಾರಣ ನನ್ನ ತಲೆಯಲ್ಲಿತ್ತು. ಹಳೇ ಕಾಲದಲ್ಲಿ ಶಾರ್ಟ್ ತೋಟೆಯನ್ನು ಲಾಂಗ್ ರೈಫಲ್ ಕೋವಿಯಲ್ಲೇ ಹೊಡೀತಿದ್ರು. ಶಾರ್ಟಿನ ಕವಚ ಗಿಡ್ಡ, ಅದರ ಬಾಯಿ ಮುಗಿಯೋ ಜಾಗದಲ್ಲಿ ವರ್ಷಗಟ್ಟಲೆ ಬೆಂಕಿ ಬಡಿದು ಉಕ್ಕು ತಿಂದು ಬಳೆಯ ಹಾಗೆ ಒಂದು ಗೀರು ಆಗ್ತದೆ. ಆಮೇಲೆ ಉದ್ದ ಕವಚ ಆ ಗೀರಿನ ಒಳಗೆ ಹಿಗ್ಗಿ ಸಿಕ್ಕಿಕೊಳ್ತದೆ. ಹಾಗಿದ್ರೆ ಖಾಲಿ ಕವಚದ ಮೇಲೆ ಸುತ್ತ ಉಬ್ಬು ಕಾಣ್ಬೇಕು. ನೋಡಿದ್ವಿ, ಇಲ್ಲ. ಇನ್ನೊಂದು, ಹಳೇ ತೋಟೆಯ ಕಿಡಿಮದ್ದಲ್ಲಿ ಕ್ಲೋರೇಟ್ ಉಪ್ಪು ಇತ್ತು, ಅದು ನಳಿಗೆ ಒಳಗೆ ಕೂತು ನೀರೆಳೆದು ತುಕ್ಕು ಹಿಡಿಸ್ತಿತ್ತು. 1920ರ ದಶಕದಲ್ಲಿ ತುಕ್ಕು ಹಿಡಿಸದ ಮದ್ದು ಹರಡಿತು. ನಮ್ಮ ಮಳೆಗೆ ಹಳೇ ಮದ್ದು ಅಂದ್ರೆ ಕೇಳ್ಬೇಕಾ. ಬೆಳಕು ಬಿಟ್ಟು ನೋಡಿದ್ರೆ ನಳಿಗೆ ಒಳಗೆ ಅಲ್ಲಲ್ಲಿ ಸಣ್ಣ ಕಲೆ ಉಂಟು, ಆದ್ರೆ ತೋಟೆ ಕೂರೋ ಜಾಗ ಚೆನ್ನಾಗೇ ಉಂಟು.

ಆಗ ದೊಡ್ಡಪ್ಪನೇ ಒಂದು ಖಾಲಿ ಕವಚ ಬೆಳಕಿಗೆ ಹಿಡಿದು ತಿರುಗಿಸ್ತಾ, "ಇದೇನು ಗೀಟು?" ಅಂದ್ರು. ಕವಚದ ಉದ್ದಕ್ಕೆ, ಅಂಚಿನಿಂದ ಬಾಯಿ ಕಡೆಗೆ, ಕೂದಲೆಳೆ ಹಾಗೆ ಒಂದು ಗೀಟು. ಎಲ್ಲಾ ಕವಚದಲ್ಲೂ. ಅದೂ ಸೂಜಿ ಗುರುತಿನ ನೇರಕ್ಕೇ!

ಅಲ್ಲಿ ಗೊತ್ತಾಯ್ತು. ನಳಿಗೆಯ ಹಿಂಬದಿ ಅಂಚು, ನಾನು ಮೊದಲು ಹೇಳಿದ ಅಡಿಗಲ್ಲು, ಅಲ್ಲಿ ಸೂಜಿ ಬಡಿಯೋ ಜಾಗದಲ್ಲೇ ಒಂದು ಸಣ್ಣ ತಗ್ಗು. ತಗ್ಗಾದಾಗ ಆ ಉಕ್ಕು ಎಲ್ಲಿಗೆ ಹೋಗ್ಬೇಕು? ಒಳಗೆ ತಳ್ಳಿಕೊಂಡು ತೋಟೆ ಕೂರೋ ರಂಧ್ರದಲ್ಲಿ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ತೋಟೆ ಹಾಕುವಾಗ ಆ ಮುಳ್ಳು ತಡೆದು ಕೆಲವು ಸಲ ಪೂರ್ತಿ ಒಳಗೆ ಹೋಗೋದಿಲ್ಲ. ಸೂಜಿಯ ಪೆಟ್ಟು ತೋಟೆಯನ್ನು ಮುಂದಕ್ಕೆ ತಳ್ಳೋದಕ್ಕೇ ಖರ್ಚಾಗ್ತದೆ. ಹೋದ್ರೂ ಅಂಚಿನ ಕೆಳಗೆ ತಗ್ಗು, ಅಡಿಗಲ್ಲೇ ಇಲ್ಲ. ಹೊಡೆದ ಮೇಲೆ ಕವಚ ಹಿಗ್ಗಿ ಅದೇ ಮುಳ್ಳಿಗೆ ಕಚ್ಕೊಳ್ತದೆ, ಮಾರ್ಟಿನಿಯ ಒಂದು ಒದೆಗೆ ಬರೋದಿಲ್ಲ. ಎರಡು ರೋಗಕ್ಕೂ ಬೇರು ಒಂದೇ. ತಮ್ಮ ಹೇಳಿದ ಹಾಗೆ ಗಟ್ಟಿ ಸ್ಪ್ರಿಂಗು ಹಾಕಿದ್ರೆ ತಗ್ಗು ಇನ್ನೂ ಆಳ ಆಗ್ತಿತ್ತು. ಸೂಜಿ ರಾವಿದ್ರೆ ಕಥೆಯೇ ಮುಗೀತಿತ್ತು.

ತಗ್ಗು ಹೇಗಾಯ್ತು? ಖಾಲಿ ಕೋವಿ ಹೊಡೆದು. ತೋಟೆ ಇಲ್ಲದೆ ಟ್ರಿಗರ್ ಒತ್ತಿದ್ರೆ ಇಂಥ ಹಳೇ ಪಾಯಿಂಟ್ 22ರಲ್ಲಿ ಸೂಜಿ ನೇರ ನಳಿಗೆಗೇ ಬಡೀತದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತು ಆಮೇಲೆ ಹೇಳಿದ್ರು, "ನಾನೇ. ಮೊಮ್ಮಕ್ಕಳಿಗೆ ಗುರಿ ಹಿಡಿಯೋದು ಕಲಿಸ್ತಾ ಇದ್ದೆ ದಿನಾ ಸಂಜೆ, ತೋಟೆ ಹಾಳು ಯಾಕೆ ಅಂತ ಖಾಲಿ ಹೊಡೆಸ್ತಿದ್ದೆ." ತಮ್ಮ ಏನೂ ಅನ್ನಲಿಲ್ಲ. ಆ ಖಾಲಿ ಕೋವಿಯಲ್ಲಿ ಮೊದಲು ಕಲಿತವನು ಅವನೇ.

ಇದನ್ನು ಮನೆಯಲ್ಲಿ ಸರಿ ಮಾಡೋ ಹಾಗಿಲ್ಲ. ಕೋವಿ ರಿಪೇರಿ ಲೈಸೆನ್ಸ್ ಇದ್ದವ್ರೇ ಮಾಡ್ಬೇಕು, ಕಾನೂನೂ ಹಾಗೇ ಉಂಟು. ವಿನಾಯಿತಿ ಇರೋದು ಇಟ್ಕೊಳ್ಳೋದಕ್ಕೆ, ಗರಗಸ ಹಾಕೋದಕ್ಕಲ್ಲ. ಕಾಗದ ಸಮೇತ ಲೈಸೆನ್ಸ್ ಇದ್ದವ್ರ ಹತ್ರ ಒಯ್ದ್ವಿ. ಅವ್ರು ಅರ ಹಾಕ್ಲಿಲ್ಲ. ನುಣುಪಾದ ಉಕ್ಕಿನ ಒಂದು ಚೂಪು ಗೂಟ ಒಳಗೆ ಒತ್ತಿ, ಒಳಗೆ ಎದ್ದ ಉಕ್ಕನ್ನು ಇದ್ದ ಜಾಗಕ್ಕೇ ಹಿಂದೆ ತಳ್ಳಿದ್ರು, ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ. ಅರ ಹಾಕಿದ್ರೆ ಮುಳ್ಳು ಹೋಗ್ತದೆ, ತಗ್ಗು ಉಳೀತದೆ, ಉಕ್ಕು ಕಡಿಮೆಯಾಗ್ತದೆ ಅಂತ ಅವ್ರೇ ವಿವರಿಸಿದ್ರು. ಹಿಡಿ ಸಡಿಲ ಇದ್ದದ್ದನ್ನೂ ನೋಡಿ, ಹಿಡಿಯ ಉದ್ದಕ್ಕೆ ಒಳಗೆ ಇರೋ ಬೋಲ್ಟು ಬಿಗಿ ಮಾಡಿದ್ರು. ಮಳೆಗೆ ಮರ ಹಿಗ್ಗಿ ಬೇಸಿಗೆಗೆ ಕುಗ್ಗಿ ಅದು ಸಡಿಲ ಆಗ್ತದೆ, ಗುರಿ ಅಲೆದಾಡ್ತದೆ. ನಿಮ್ಮಲ್ಲಿ ಮಾರ್ಟಿನಿ ಇದ್ರೆ ವರ್ಷಕ್ಕೊಮ್ಮೆ ಅದನ್ನು ನೋಡ್ಕೊಳ್ಳಿ. ಟ್ರಿಗರ್ ಹಗುರ ಮಾಡಿಸೋ ಆಸೆ ತಮ್ಮನಿಗೆ ಇತ್ತು, ಅವ್ರು ಕೈ ಮುಗಿದ್ರು. ಒಳಗಿನ ಕಚ್ಚು ತೆಳುವಾದ್ರೆ ಲಿವರು ಮುಚ್ಚುವಾಗಲೇ ಹೊಡೆದುಬಿಡ್ತದೆ.

ಮೊನ್ನೆ ಬುಧವಾರ ಮಳೆ ಒಂದು ಗಂಟೆ ಬಿಟ್ಟಿತ್ತು. ಬರೆಯಲ್ಲಿ ದೊಡ್ಡಪ್ಪ ಕೂತು ಇಪ್ಪತ್ತು ಹೊಡೆದ್ರು. ಇಪ್ಪತ್ತೂ ಹೊಡೀತು. ಲಿವರು ಇಳಿಸಿದ ಹಾಗೆ ಕವಚ ಟಣ್ ಅಂತ ಹಾರಿ ಭುಜದ ಹಿಂದೆ ಹುಲ್ಲಿಗೆ ಬೀಳ್ತಿತ್ತು. ಹತ್ತೊಂಬತ್ತು ಸಿಕ್ತು, ಒಂದು ಸಿಗ್ಲಿಲ್ಲ, ಅದಕ್ಕೆ ಅರ್ಧ ಗಂಟೆ ಹುಡುಕಿಸಿದ್ರು ನಮ್ಮಿಂದ. ಕೊಡೋ ಮಾತು ಮತ್ತೆ ಬರ್ಲಿಲ್ಲ. ಎರಡು ಖಾಲಿ ಕವಚ ಬೇರೆ ತೆಗೆದಿಟ್ಟಿದ್ದಾರೆ, ಮಕ್ಕಳಿಗೆ ಕಲಿಸುವಾಗ ಒಳಗೆ ಹಾಕಿ ಪ್ರತಿ ಸಲ ಸ್ವಲ್ಪ ತಿರುಗಿಸಿ ಒತ್ತಿಸೋದಕ್ಕೆ.

ನಿಮ್ಮ ಮನೆಯಲ್ಲಿ ಇಂಥ ಲಿವರಿನ ಪಾಯಿಂಟ್ 22 ಇದ್ರೆ ಖಾಲಿ ಕವಚದ ಮೇಲೆ ಗೀಟು ಉಂಟಾ ನೋಡಿ ತಿಳಿಸಿ. ಕೋವಿಯ ನಂಬರು, ಕಾಗದದ ಫೋಟೋ ಮಾತ್ರ ಇಲ್ಲಿ ಹಾಕ್ಬೇಡಿ. ನಾಳೆ ಮಳೆ ಬಿಟ್ರೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೀಬೇಕು.